ಶಿಳ್ಳೆ ನಿಂತ ಮನೆ

2024ರ ನವೆಂಬರ್ 18, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ.

ರಾಯಚೂರಿನ ನರ್ಸಿಂಗ್ ಕಾಲೇಜೊಂದರ ಮೊದಲ ವರ್ಷದ ತರಗತಿ. ರೇಣುಕಮ್ಮ ಮೇಡಂ ಸೀಮೆಸುಣ್ಣದಿಂದ ನೆಲದ ಮೇಲೆ ಉದ್ದನೆಯ ಗೆರೆ ಎಳೆದಿದ್ದರು. ಒಂದು ತುದಿಗೆ ‘ಪೂರ್ಣ ಆರೋಗ್ಯ’, ಇನ್ನೊಂದು ತುದಿಗೆ ‘ತೀವ್ರ ಅನಾರೋಗ್ಯ’.

ನಡುವೆ ನಿಂತಿದ್ದ ಅತಿಥಿ ಹುಲಿಗೇಶ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ತಂತ್ರಜ್ಞ. ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್.

“ದಾನೇಶ್ವರಿ, ಬಾ ಇಲ್ಲಿ. ಇವರನ್ನ ಈ ಗೆರಿ ಮ್ಯಾಲ ಎಲ್ಲಿ ನಿಲ್ಲಸ್ತಿ?”

ಪದವಿ ಮುಗಿಸಿ ನರ್ಸಿಂಗ್ ಸೇರಿದ್ದ ದೇವದುರ್ಗದ ದಾನೇಶ್ವರಿ ಎದ್ದು ಬಂದಳು. ಯೋಚಿಸಲೇ ಇಲ್ಲ. ಅವನ ಮೊಣಕೈ ಹಿಡಿದು ಅನಾರೋಗ್ಯದ ತುದಿಗೆ ಕರೆದೊಯ್ದು ನಿಲ್ಲಿಸಿಬಿಟ್ಟಳು!

ಹುಲಿಗೇಶ ನಕ್ಕ. ಗೆರೆಯ ಮೇಲೆ ನಿಧಾನವಾಗಿ ನಡೆದು ಇನ್ನೊಂದು ತುದಿಗೆ ಹೋಗಿ ನಿಂತ.

“ನಾ ದಿನಾ ಇಲ್ಲೇ ಇರ್ತೀನ್ರಿ ಮೇಡಂ. ಸೈಕಲ್ ತುಳಕೊಂಡು ಕೆಲಸಕ್ಕ ಹೋಗ್ತೀನಿ. ನೀವು ಕಾಲೇಜಿಗಿ ಹ್ಯಾಂಗ ಬರ್ತೀರಿ?”

“ನಾನಾ... ಆಟೋದಾಗ್ರಿ,” ಎಂದಳು ದಾನೇಶ್ವರಿ.

ತರಗತಿ ಗೊಳ್ಳೆಂದಿತು. ಅವಳ ಕಿವಿಯವರೆಗೂ ಕೆಂಪು.

“ರೋಗ ರಿಪೋರ್ಟಿನಾಗ ಸಿಗ್ತದ,” ಎಂದರು ರೇಣುಕಮ್ಮ. “ಬ್ಯಾನಿ ಮಾತ್ರ ಅವರನ್ನ ಕೇಳಿದಾಗಷ್ಟ ತಿಳೀತದ. ಎರಡೂ ಒಂದಲ್ಲ.”

ದಾನೇಶ್ವರಿ ಆ ಮಾತನ್ನು ಬರೆದುಕೊಳ್ಳಲಿಲ್ಲ. ಅವಳು ಅವನ ನಗುವನ್ನೇ ನೋಡುತ್ತಿದ್ದಳು...

ಕ್ಷಮೆ ಕೇಳಲೆಂದು ಅವಳು ಮಾಡಿದ ಮೊದಲ ಫೋನು ಒಂದು ಗಂಟೆಗೆ ಬೆಳೆಯಿತು. ಆಮೇಲೆ ಭಾನುವಾರಗಳು. ಕೋಟೆಯ ಗೋಡೆಯ ನೆರಳು, ಅವನ ಮೆಲುದನಿ. ಕೃಷ್ಣಾ ನದಿಯ ಮೇಲೆ ಬೆಳಗಿನ ಮಂಜು ತೇಲುವ ಹಾಗೆ ಅವಳ ದಿನಗಳು ತೇಲತೊಡಗಿದವು.

ಆದರೆ ಆ ತೇಲುವಿಕೆಯ ತಳದಲ್ಲಿ ಒಂದು ಭಯ ಕೂತಿತ್ತು. ಅವಳ ಅಪ್ಪ ತಾಯಣ್ಣ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣನ್ನು ಮನೆಯವರಿಂದ ಮುಚ್ಚಿಟ್ಟೇ ತೀರಿಹೋಗಿದ್ದ. ಅದನ್ನವಳು ಹುಲಿಗೇಶನಿಗೆ ಹೇಳಿರಲಿಲ್ಲ. ಬದಲಿಗೆ ಕೇಳುತ್ತಿದ್ದಳು.

“ಸಕ್ಕರಿ ಎಷ್ಟದ?”

“ಊಟಾತಾ? ಸೂಜಿ ತಗೊಂಡ್ರಾ?”

“ಪಾದ ನೋಡಿಕೊಂಡ್ರಾ?”

ಜನವರಿಯ ಒಂದು ಸಂಜೆ, ಬಸ್ ನಿಲ್ದಾಣದ ಹತ್ತಿರದ ಹೋಟೆಲು. ಹುಲಿಗೇಶನ ಜೊತೆ ಅವನ ಗೆಳೆಯ ವಿರೂಪಣ್ಣನೂ ಇದ್ದ. ಮಂಡಕ್ಕಿಯ ಒಗ್ಗರಣಿ, ಮಿರ್ಚಿ ಬಜ್ಜಿ ಬಂದವು. ದಾನೇಶ್ವರಿ ಹುಲಿಗೇಶನ ಪ್ಲೇಟನ್ನು ತನ್ನ ಕಡೆ ಎಳೆದುಕೊಂಡಳು.

“ಬ್ಯಾಡ. ನಿಮಗ ಇದು ಆಗಂಗಿಲ್ಲ.”

“ಏ ಹುಲಿಗೇಶ! ಮದುವಿಗಿ ಮದಲ ಅಡ್ಮಿಟ್ ಆಗಿಬಿಟ್ಟೆಲ್ಲಲೇ!” ಎಂದು ವಿರೂಪಣ್ಣ ನಕ್ಕ.

ಹುಲಿಗೇಶ ನಗಲಿಲ್ಲ.

“ಲೆಕ್ಕ ಹಾಕಿ ಇನ್ಸುಲಿನ್ ತಗೊಂಡ ಕುಂತೀನಿ. ಇಷ್ಟು ವರ್ಷ ನಾನ ನನ್ನ ನೋಡಿಕೊಂಡೀನ್ರಿ. ಹ್ಯಾಂಗದೀರಿ ಅಂತ ಒಮ್ಮೆರ ಕೇಳೀರೇನು? ನಾ ನಿಮ್ಮ ವಾರ್ಡಿನ ಬೆಡ್ ಅಲ್ಲ!”

ಎದ್ದು ಹೋದ. ಆಮೇಲೆ ಅವನಿಂದ ಫೋನಿಲ್ಲ. ಅವಳು ಮಾಡಿದರೆ ಎತ್ತಲೂ ಇಲ್ಲ.

‘ಕಾಪಾಡಬೇಕು ಅಂತಲೇ ಹೊರಟೆ... ಕಳಕೊಂಡೆನಾ?’

ಫೆಬ್ರುವರಿಯಲ್ಲಿ ವಿದ್ಯಾರ್ಥಿನಿಯರನ್ನು ಮಾನ್ವಿ ತಾಲೂಕಿನ ಚೀಕಲಪರ್ವಿಗೆ ಕರೆದೊಯ್ದರು. ಮನೆಮನೆಗೆ ಹೋಗಿ, ಆರೋಗ್ಯ ಅಂದರೆ ಏನೆಂದು ಜನರನ್ನೇ ಕೇಳಬೇಕಿತ್ತು. ಅದು ಹುಲಿಗೇಶನ ಊರು. ಅವಳು ಬೇಕೆಂದೇ ಅವನ ತಾಯಿ ವೆಂಕಮ್ಮನ ಬಾಗಿಲಿಗೆ ಹೋದಳು.

“ಯವ್ವಾ, ಆರೋಗ್ಯ ಅಂದ್ರ ಏನ್ರಿ?”

ವೆಂಕಮ್ಮ ಅಕ್ಕಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

“ನಂಗೇನ್ ಗೊತ್ತವ್ವ! ನನ್ನ ಮಗ ಶಕ್ತಿನಗರದಿಂದ ಸೂಟಿಗಿ ಮನಿಗಿ ಬಂದಾಗ ಜಳಕ ಮಾಡತ ಶಿಳ್ಳಿ ಹೊಡೀತಿದ್ದ. ಅದು ಕೇಳಿದ್ರ ಮನಿ ಚಲೋ ಅದ ಅನಸ್ತಿತ್ತು. ಈಗ ಶಿಳ್ಳಿ ನಿಂತು ತಿಂಗಳಾತು. ಸಕ್ಕರಿ ನೆಟ್ಟಗದ ಅಂತಾನ... ಆದ್ರ ಅರ್ಧ ರೊಟ್ಟಿಗಿ ಏಳ್ತಾನ.”

ದಾನೇಶ್ವರಿ ಬರೆಯುವುದನ್ನು ಬಿಟ್ಟಳು. ರಿಪೋರ್ಟಿನಲ್ಲಿ ಏನೂ ಇಲ್ಲ. ಮನುಷ್ಯನಿಗೆ ಮಾತ್ರ ನೋವು. ಆ ನೋವಿಗೆ ಕಾರಣ ತಾನು! “ಹುಲಿಗೇಶ ಎಲ್ಲದಾರ್ರಿ?” ಎಂದಳು.

“ಇವತ್ತು ಸೂಟಿ ಅದ. ಹೊಳಿ ಕಡಿ ಹೋಗ್ಯಾನ,” ಎಂದಳು ವೆಂಕಮ್ಮ, ಅವಳ ಮುಖವನ್ನೇ ನೋಡುತ್ತ. “ಹೋಗವ್ವ.”

ತುಂಗಭದ್ರೆ ಬಿಸಿಲಲ್ಲಿ ನಿದ್ದೆ ಮಾಡುವಂತೆ ಹರಿಯುತ್ತಿತ್ತು. ಬಂಡೆಯ ಮೇಲೆ ಹುಲಿಗೇಶ.

ಅವಳು ಸ್ವಲ್ಪ ದೂರದಲ್ಲೇ ನಿಂತಳು. ಬಾಯಿಗೆ ಬಂದ ಹಳೆಯ ಪ್ರಶ್ನೆಯನ್ನು ನುಂಗಿದಳು.

“ಹ್ಯಾಂಗದೀರಿ?”

ಅವನು ಒಂದು ಕಲ್ಲನ್ನು ನೀರಿಗೆ ಎಸೆದ.

“ಚಲೋ ಇಲ್ಲ.”

“ನಾನೂ...” ಅವಳು ಒಂದು ಹೆಜ್ಜೆ ಮುಂದಿಟ್ಟಳು. “ನಮ್ಮಪ್ಪ ಕಾಲಿನ ಹುಣ್ಣು ಮುಚ್ಚಿಟ್ಟು ಸತ್ತನ್ರಿ. ನೀವು ಫೋನ್ ಎತ್ತೂದು ಒಂದೀಟು ತಡ ಆದ್ರ ನಂಗ ಅಪ್ಪನ ಕಾಲೇ ಕಣ್ಮುಂದ ಬರ್ತದ. ಅದಕ್ಕ ಅಷ್ಟು ಕೇಳ್ತಿದ್ದೆ. ನೀವು ಪೇಷಂಟ್ ಅಂತಲ್ಲ...”

ಅವನು ತಟ್ಟನೆ ತಿರುಗಿದ.

“ಇದನ್ನ್ಯಾಕ ಮದಲ ಹೇಳಲಿಲ್ಲ?”

“ಅಂಜಿಕಿ.”

“ನಂಗೂ ಅಂಜಿಕಿ ಅದ, ದಾನೇಶ್ವರಿ. ಸೂಜಿದಲ್ಲ. ನನ್ನ ನೋಡಿದಾಗ ನಿನಗ ಬರೇ ರೋಗ ಕಂಡೀತು ಅಂತ.” ಮೊದಲ ಸಲ ‘ನೀ’ ಎಂದಿದ್ದ!

“ಇನ್ನ ಮುಂದ ನೀವು ಹೇಳಿದಷ್ಟು ಕೇಳಿಕೋತೀನ್ರಿ. ಆದ್ರ ಮುಚ್ಚಿಡಬಾರದು.”

“ಮುಚ್ಚಿಡಂಗಿಲ್ಲ. ಮದುವಿ ಆಗ್ತಿಯೇನು?”

ಅವಳು ಬಂಡೆ ಹತ್ತಿ ಪಕ್ಕದಲ್ಲಿ ಕೂತು ತನ್ನ ಕೈ ಚಾಚಿದಳು.

“ನಾಡಿ ನೋಡ್ರಿ. ಅದರಾಗ ಅದ ಉತ್ತರ.”

“ನಂಗ ಬರಂಗಿಲ್ಲಲ್ಲ...”

“ಕಲಸ್ತೀನಿ. ಹೆಬ್ಬಟ್ಟಿನ ಬುಡಕ್ಕ ಎರಡು ಬಟ್ಟು ಇಡ್ರಿ... ಹೂಂ, ಅಲ್ಲೇ. ಒಂದು ನಿಮಿಷ ಎಣಸ್ರಿ. ಸುಮ್ನ ಕುಂತವರದು ಎಪ್ಪತ್ತು ಎಂಬತ್ತು ಇರ್ತದ.”

ಹುಲಿಗೇಶ ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿದ. ನಿಮಿಷ ಮುಗಿದರೂ ಕೈ ಬಿಡಲಿಲ್ಲ.

“ಎಷ್ಟ್ರಿ?”

“ನೂರಾ ಹದಿನಾಲ್ಕು.”