ಸ್ಟ್ಯಾಂಡರ್ಡಾ, ಓವರಾ?

"ತಲೆ ಬಗ್ಸು ಕಣಮ್ಮಾ!"

ಮೌನಿಕಾ ಬಗ್ಗಿದಳು. ಹಿಂದಿನಿಂದ ಬಂದ ಕಲ್ಲು ಅವಳ ಜಡೆ ಸವರಿಕೊಂಡು ಹೋಗಿ ಜೀಪಿನ ಮುಂದಿನ ಗಾಜು ಒಡೆಯಿತು!

ಕನ್ನಡಿ ನೋಡಿದೆ. ಬಿಳಿ ಕಾರು. ನಮ್ಮ ಜೀಪು ಬಿಡುತ್ತಿದ್ದ ನೀಲಿ ಹೊಗೆಯಲ್ಲಿ ಒಮ್ಮೆ ಮುಳುಗುತ್ತೆ, ಒಮ್ಮೆ ಏಳುತ್ತೆ.

ಆಕ್ಸಿಲರೇಟರ್ ತುಳಿದೆ. ಇಂಜಿನ್ ಕೆಮ್ಮಿತು. ಟಕ್... ಟಕ್... ಟಕ್...

ಆ ಸದ್ದು ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು ಸಾರ್. ಗೊತ್ತಿದ್ದೇ ಹೊರಟಿದ್ದೆ.

ನಾನು ರುದ್ರೇಶ್. ಹಿಂದೂಪುರದ ಜನ ಪೊಲೀಸರಿಗೆ ಹೇಳಲಾಗದ್ದನ್ನು ನನಗೆ ಹೇಳ್ತಾರೆ. ಈ ಸಲ ಹೇಳಿದ್ದು ಸೀರೆ ನೇಯ್ದು ಮಾರುವ ವೆಂಕಟೇಶಪ್ಪ. ಮೌನಿಕಾ ಅವರ ಒಬ್ಬಳೇ ಮಗಳು. ಪವರ್‌ಲೂಮ್ ಸಾಹುಕಾರ ಆನಂದಕುಮಾರ್, ಎದುರು ಮಾತಾಡಿದ ಅಂತ ಮುನೆಪ್ಪ ಅನ್ನೋ ಕೆಲಸಗಾರನನ್ನು ಮಗ್ಗದ ಶೆಡ್ಡಿನಲ್ಲೇ ರಾಡಿನಿಂದ ಹೊಡೆದು ಕೊಂದ. ನೋಡಿದವಳು ಇವಳೊಬ್ಬಳೇ. ಅವತ್ತು ಕೋರ್ಟ್ ಏಳುವುದರೊಳಗೆ ಹಿಂದೂಪುರದಲ್ಲಿ ಇವಳು ಸಾಕ್ಷಿ ಹೇಳಬೇಕಿತ್ತು. ಇಲ್ಲವೋ, ಆನಂದಕುಮಾರ್ ಖುಲಾಸೆ!

ಅಲ್ಲಿಯವರೆಗೆ ಅವಳನ್ನು ಕಲ್ಯಾಣದುರ್ಗದಲ್ಲಿ ಬಚ್ಚಿಟ್ಟಿದ್ದೆ. ಮೆಕ್ಯಾನಿಕ್ ಪೋತಪ್ಪನ ಶೆಡ್ಡು.

ವಾಪಸ್ ಹೋಗೋದು ಹೇಗೆ? ಬಸ್‌ಸ್ಟ್ಯಾಂಡಿನಲ್ಲಿ ಆನಂದಕುಮಾರನ ಕಡೆಯವರು. ಟ್ಯಾಕ್ಸಿಯವರು ಅವನ ಹೆಸರು ಕೇಳಿದರೆ ಫೋನ್ ಕಟ್! ಉಳಿದದ್ದು ಪೋತಪ್ಪನ ಹಳೇ ಜೀಪು. ಅದೂ ಇಂಜಿನ್ ಬಿಚ್ಚಿ ಮಲಗಿಸಿದ್ದು. ಸಿಲಿಂಡರ್ ಸವೆದಿತ್ತು ಅಂತ ಆಗಲೇ ಬೋರ್, ಅಂದರೆ ಅದರ ಒಳಗಿನ ತೂತು, ದೊಡ್ಡದು ಮಾಡಿಸಿದ್ದ. ಅದಕ್ಕೆ ಕೊಂಚ ದಪ್ಪ ಪಿಸ್ಟನ್ ಬೇಕು. ಅಂಗಡಿಯವರ ಬಾಯಲ್ಲಿ ಅದು 'ಓವರ್'.

ಕಲ್ಯಾಣದುರ್ಗದಲ್ಲಿ ಸಿಗಲಿಲ್ಲ. ವೆಂಕಟೇಶಪ್ಪನವರಿಗೆ ಫೋನ್ ಹಚ್ಚಿದೆ.

"ಅಣ್ಣಾ, ಜೀಪಿನ ಪಿಸ್ಟನ್ ಸೆಟ್ಟು. ಓವರ್ ಸೈಜು. ರೇಸ್ ಗಾಡಿಗೆ ಹಾಕೋ ಫೋರ್ಜ್ಡ್ ಎಲ್ಲ ಬ್ಯಾಡ, ದಂಡ. ಇದು ಕಂಪನಿ ಬಿಟ್ಟಂಗೇ ಇರೋ ಸ್ಟಾಕ್ ಇಂಜಿನ್ನು. ಕಮ್ಮಿ ರೇಟಿನ ಎರಕದ ಪಿಸ್ಟನ್ ಸಾಕು."

"ಈಗ್ಲೇ ಹೋಯ್ತೀನಿ ಕಣಪ್ಪ!"

ಅವತ್ತು ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್ ಪಾರ್ಸೆಲ್ ಕೊಟ್ಟು ಹೋದ. ಪೋತಪ್ಪ ಬಿಚ್ಚಿದ. ಪಿಸ್ಟನ್ ತಲೆ ಮೇಲಿನ ಅಕ್ಷರ ಓದಿದ. ಹಾಗೇ ಕುಕ್ಕರಿಸಿದ.

"ಏಮೈಂದಿ? ಏನಾಯ್ತು?" ಅಂದೆ.

"ಅಣ್ಣಾ, ಇದು ಸ್ಟ್ಯಾಂಡರ್ಡು! ಹಳೇ ಸೈಜು. ಬೋರ್‌ನಾಗೆ ಹೆಂಗೆ ಅಲ್ಲಾಡ್ತದೆ ನೋಡು!"

ಮತ್ತೆ ಫೋನ್.

"ಸಿಕ್ತೇನಪ್ಪಾ?" ವೆಂಕಟೇಶಪ್ಪನವರ ದನಿಯಲ್ಲಿ ಹಿಗ್ಗು. "ಅಂಗಡಿಯೋನು ಸ್ಟ್ಯಾಂಡರ್ಡಾ, ಓವರಾ ಅಂದ. ನೀನೇನೋ ಓವರ್ ಅಂದಿದ್ದೆ... ಯಾವ್ದೇ ಆಗ್ಲಿ ಓವರ್ ಆದ್ರೆ ಒಳ್ಳೇದಾ? ಸೀರೆ ಮಾರೋನು ನಾನು, ನಂಗೊತ್ತಿಲ್ವಾ! ಮಗಳು ಕೂತ್ಕಂಡು ಬರೋ ಗಾಡಿ, ಸ್ಟ್ಯಾಂಡರ್ಡಾಗಿರೋದೇ ಕೊಡಪ್ಪ ಅಂದ್ಬುಟ್ಟೆ!"

ಪಕ್ಕದಲ್ಲಿ ಮೌನಿಕಾ ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು.

"ಒಳ್ಳೇ ಕೆಲ್ಸ ಮಾಡಿದ್ರಿ ಅಣ್ಣಾ" ಅಂದೆ. ಇನ್ನೇನು ಅನ್ನಲಿ ಸಾರ್?

ಹಿಂದೂಪುರಕ್ಕೆ ಹೋಗಿ ಬದಲಾಯಿಸಿ ತರುವಷ್ಟು ಹೊತ್ತಿಲ್ಲ.

"ಇದನ್ನೇ ಹಾಕಿದ್ರೆ ಓಡ್ತದಾ ಪೋತಪ್ಪಾ?"

"ಓಡ್ತದೆ. ಹೊಗೆ ಬಿಟ್ಕಂಡು, ಬಡ್ಕಂಡು ಓಡ್ತದೆ. ಹಿಂದೂಪುರ ಮುಟ್ತದಾ ಅಂತ ಮಾತ್ರ ಕೇಳ್ಬ್ಯಾಡ."

"ಹಾಕು!"

ಅದೇ ಜೀಪು ಸಾರ್ ಇದು. ನಮ್ಮ ಹೊಗೆಯೇ ಆ ಬಿಳಿ ಕಾರಿಗೆ ದಾರಿ ತೋರಿಸಿತ್ತು.

ಪೆನುಕೊಂಡದ ಬೆಟ್ಟ ಕಾಣಿಸಿತು. ಇನ್ನು ಸ್ವಲ್ಪ... ಹೈವೇ ಸಿಕ್ಕರೆ ಜನ ಇರ್ತಾರೆ.

ಢಣ್!

ಇಂಜಿನ್ ಒಳಗೇ ಕಚ್ಚಿಕೊಂಡು ಸತ್ತಿತು. ಜೀಪು ಹೊಲದ ಬದುವಿಗೆ ಗುದ್ದಿ ನಿಂತಿತು. ಸುತ್ತ ಬರೀ ಕಡಲೆಕಾಯಿ ಹೊಲ. ಒಂದು ನರಪಿಳ್ಳೆಯೂ ಇಲ್ಲ.

ಕಾರಿನಿಂದ ನಾಲ್ವರು ಇಳಿದರು. ಕೈಯಲ್ಲಿ ಮಚ್ಚು.

"ಪಿಲ್ಲನಿ ಇಚ್ಚಿ ಪೋರಾ! ಹುಡ್ಗೀನ ಕೊಟ್ಟು ನಡೀತಾ ಇರು!"

ಜಾಕ್ ರಾಡು ತಗೊಂಡು ಇಳಿದೆ. ಒಬ್ಬನ ಮೊಣಕಾಲು ಮುರಿಯಿತು. ಇನ್ನೊಬ್ಬನ ಹಲ್ಲು ಹೋಯಿತು. ಮೂರನೆಯವನ ಮಚ್ಚು ನನ್ನ ತೋಳಿಗೆ ಬಿತ್ತು. ರಾಡು ಕೈ ಬಿಟ್ಟಿತು. ಮಣ್ಣಿಗೆ ಬಿದ್ದೆ. ಮಚ್ಚು ಮತ್ತೆ ಮೇಲೆದ್ದಿತು...

"ನಿಲ್ಸಿ! ನಾನೇ ಬತ್ತೀನಿ."

ಮೌನಿಕಾ ಜೀಪಿನಿಂದ ಇಳಿದಳು. ದುಪಟ್ಟಾ ಬಿಚ್ಚಿ ನನ್ನ ತೋಳಿಗೆ ಬಿಗಿದು ಕಟ್ಟಿದಳು.

"ಬ್ಯಾಡ ಕಣಮ್ಮಾ..."

"ಅಣ್ಣಾ, ಅಪ್ಪಂಗೆ ಪಿಸ್ಟನ್ ವಿಷ್ಯ ಹೇಳ್ಬ್ಯಾಡ. ಗೊತ್ತಾದ್ರೆ ಅವ್ರು ಬದುಕಾಕಿಲ್ಲ."

ಅಷ್ಟೇ. ಕಾರಿನ ಬಾಗಿಲು ಮುಚ್ಚಿತು. ನಾನು ಎದ್ದೆ, ಓಡಿದೆ, ಬಿದ್ದೆ. ಅತ್ತೆ ಸಾರ್. ನಾಚಿಕೆಯಿಲ್ಲದೆ ಅತ್ತೆ.

ಕೋರ್ಟಿನಲ್ಲಿ ಮೂರು ಸಲ ಅವಳ ಹೆಸರು ಕೂಗಿದರಂತೆ. ಆನಂದಕುಮಾರ್ ಹೊರಗೆ ಬಂದು ನಗುತ್ತಾ ಟೀ ಕುಡಿದನಂತೆ. ಮೌನಿಕಾ ಇನ್ನೂ ಸಿಕ್ಕಿಲ್ಲ. ಸಿಗುತ್ತಾಳೆ ಅಂತ ನಾನಂತೂ ಹೇಳಲಾರೆ.

ವೆಂಕಟೇಶಪ್ಪ ಆಸ್ಪತ್ರೆಗೆ ಬಂದರು. ನನ್ನ ಮಂಚದ ತುದಿಯಲ್ಲಿ ಕೂತರು.

"ಜೀಪು ಯಾಕೆ ನಿಂತ್ಕಂತು ಕಣಪ್ಪ?"

"ಡೀಸೆಲ್ ಪೈಪು ಒಡೀತು ಅಣ್ಣಾ."

"ನಾನು ತಂದ್ಕೊಟ್ಟ ಪಿಸ್ಟನ್ನು... ಅದ್ರಿಂದ ಏನೂ ಆಗ್ಲಿಲ್ಲ ಅಲ್ವಾ?"

ಗೋಡೆ ಕಡೆ ಮುಖ ತಿರುಗಿಸಿದೆ.

"ಅದಕ್ಕೇನಾಗಿತ್ತು ಅಣ್ಣಾ... ಸ್ಟ್ಯಾಂಡರ್ಡಾಗೇ ಇತ್ತು!"