ಕಲ್ಲಿನಲ್ಲಿ ಅಡಗಿದ್ದ ಕರು

"ಇದು ಹದಿನಾರನೇ... ಅಲ್ಲ, ಹದಿಮೂರನೇ ಶತಮಾನದ..."

ಸಮತಾ ಬೆರಳು ಮಡಿಸಿ ಎಣಿಸತೊಡಗಿದಳು. ಶಿವಮೊಗ್ಗದ ಹಳೇ ಅರಮನೆ ಮ್ಯೂಸಿಯಂನಲ್ಲಿ ಇವತ್ತು ಐದನೇ ಕ್ಲಾಸಿನ ಮಕ್ಕಳೇ ಗೈಡ್‌ಗಳು. ಅವಳ ಪಾಲಿಗೆ ಬಂದದ್ದು ಅಂಗಳದ ವೀರಗಲ್ಲು. ವಾರವಿಡೀ ಬಾಯಿಪಾಠ ಮಾಡಿದ್ದಳು. ಈಗ ನೋಡಿದರೆ ಒಂದೂ ನೆನಪಿಲ್ಲ! ಕೇಳಲು ನಿಂತಿದ್ದ ಗುಂಪು ನಗುತ್ತಾ ಮುಂದೆ ಹೋಗಿಬಿಟ್ಟಿತು.

ಅಷ್ಟರಲ್ಲಿ ಕಪ್ಪು ಕನ್ನಡಕದ ಅಜ್ಜರೊಬ್ಬರು ಮಗಳ ಕೈ ಹಿಡಿದು ಬಂದರು.

"ನಮ್ಮಪ್ಪ, ರಂಗಪ್ಪ ಅಂತ. ಭದ್ರಾವತಿ ಫ್ಯಾಕ್ಟರೀಲಿ ಕಬ್ಬಿಣ ಎರೆಯೋಕೆ ಮಣ್ಣಿನ ಅಚ್ಚು ಮಾಡ್ತಿದ್ರು. ಈಗ ಕಣ್ಣು ಕಾಣಲ್ಲ," ಎಂದರು ಮಗಳು ವಾಣಿ.

"ಇದು ಹದಿ..." ಸಮತಾ ತಡವರಿಸಿದಳು.

"ಇಸವಿ ಬಿಡು ಪುಟ್ಟಿ," ಎಂದರು ಅಜ್ಜ. "ಕಲ್ಲಲ್ಲಿ ಏನೇನಿದೆ, ಅದನ್ನ ಹೇಳು."

ಸಮತಾ ಕಲ್ಲಿನ ಕಡೆ ತಿರುಗಿದಳು.

"ಕೆಳಗೆ ಒಬ್ಬ ಕತ್ತಿ ಹಿಡ್ಕೊಂಡು ಫೈಟ್ ಮಾಡ್ತಿದಾನೆ ಅಜ್ಜ. ಪಕ್ಕದಲ್ಲಿ ದನ ಇದಾವೆ. ಕಳ್ಳರು ಹೊಡ್ಕೊಂಡು ಹೋಗ್ತಿದ್ರಂತೆ. ಬಿಡಿಸೋಕೆ ಹೋಗಿ ಇವನು ಸತ್ತೋದ. ಮೇಲೆ ಅಪ್ಸರೆಯರು ಸ್ವರ್ಗಕ್ಕೆ ಕರ್ಕೊಂಡು ಹೋಗ್ತಿದಾರೆ. ಕಂಕುಳಿಗೆ ಕೈ ಹಾಕಿ ಎತ್ತಿದಾರೆ!"

"ಹಾಗಾದ್ರೆ ಹಾರೋಕೆ ನಮ್ಮೂರ ಸೋಗಾನೆ ಏರ್‌ಪೋರ್ಟೇ ಬೇಡ ಅನ್ನು!" ಅಜ್ಜ ನಕ್ಕರು. ಸಮತಾಳಿಗೂ ನಗು ಬಂತು.

"ಸ್ವಲ್ಪ ಮುಟ್ಟಬಹುದಾ?" ಅಜ್ಜ ಕೇಳಿದರು.

"ಮೆಲ್ಲಗೆ ಮುಟ್ಟಿ ಯಜಮಾನ್ರೇ," ಎಂದರು ಅಲ್ಲೇ ನಿಂತಿದ್ದ ಕಾವಲುಗಾರ ಚೌಡಯ್ಯ.

ಅಜ್ಜನ ಬೆರಳು ಹಸುವಿನ ಬೆನ್ನ ಮೇಲೆ ಹರಿದು, ಕಾಲಿಗಿಳಿದು, ಹೊಟ್ಟೆಯ ಕೆಳಗೆ ನಿಂತಿತು.

"ಇದ್ಯಾರು ಇಲ್ಲಿ? ಕರು ಹಾಲು ಕುಡೀತಿದೆಯಲ್ಲ!"

ಸಮತಾ ಬಗ್ಗಿ ನೋಡಿದಳು. ಹೌದು! ಹೆಬ್ಬೆರಳಿನಷ್ಟು ಪುಟ್ಟ ಕರು, ಸವೆದು ಸವೆದು ಕಲ್ಲಿನೊಳಗೇ ಸೇರಿಹೋದಂತಿತ್ತು.

"ಎಷ್ಟು ಸಲ ನೋಡಿದೀನಿ ಅಜ್ಜ! ನಂಗೆ ಕಂಡೇ ಇರ್ಲಿಲ್ಲ!"

"ನಂಗೂ ಕಾಣ್ಲಿಲ್ಲ ಮಾರಾಯ್ತಿ. ಕೈಗೆ ಸಿಕ್ತು, ಅಷ್ಟೆ!"

ಎಲ್ಲರೂ ಗೊಳ್ಳೆಂದು ನಕ್ಕರು. "ಅಪ್ಪಾ, ಬಸ್ ಹೋಗ್ಬಿಡತ್ತೆ," ಎಂದು ವಾಣಿ ಅವರನ್ನು ಕರೆದುಕೊಂಡು ಹೊರಟರು.

ಸಮತಾ ಕಲ್ಲಿನ ಮುಂದೆ ಮಂಡಿಯೂರಿ ಕೂತಳು. ಅವಸರವಿಲ್ಲದೆ ಒಂದು ಮೂಲೆಯಿಂದ ನೋಡುತ್ತಾ ಬಂದಳು. ಕತ್ತಿ. ಸೊಂಟದ ಪಟ್ಟಿ. ಕಾಲು. ಕಾಲಿನ ಹಿಂದೆ...

ಎದ್ದವಳೇ ಗೇಟಿನತ್ತ ಓಡಿದಳು.

"ಅಜ್ಜಾ, ನಿಲ್ಲಿ! ವೀರನ ಕಾಲ ಹಿಂದೆ ಒಂದು ನಾಯಿ ಇದೆ! ಬಾಲ ಎತ್ಕೊಂಡು ನಿಂತಿದೆ!"

ಅಜ್ಜ ಗಕ್ಕನೆ ನಿಂತರು. "ಇನ್ನೊಂದು ಬಸ್ಸು ಬರತ್ತೆ ಬಿಡು ವಾಣಿ," ಎಂದು ಕೈ ಚಾಚಿದರು.

ಸಮತಾ ಆ ಒರಟು ಕೈ ಹಿಡಿದು ನಿಧಾನವಾಗಿ ಕರೆತಂದಳು. ಅಜ್ಜನ ಬೆರಳನ್ನು ನಾಯಿಯ ಬಾಲದ ಮೇಲಿಟ್ಟು, ಅವರ ಮುಖವನ್ನೇ ನೋಡುತ್ತಾ ನಿಂತಳು.