ಎಡಕ್ಕೆ ಹೊಸೆದ ಹಗ್ಗ

ಬಾಗಿಲಿಗೆ ಕಟ್ಟಿದ ಹುಲ್ಲಿನ ಹಗ್ಗದ ಆಚೆ ಬೂಟುಗಳು ನಿಂತವು.

ಅಂಗಳದಲ್ಲಿದ್ದ ಒಕ್‌ಬುನ್ ಉಸಿರು ಬಿಗಿಹಿಡಿದಳು. ಒಳಗೆ ಅತ್ತಿಗೆ ಬಾಣಂತಿಯಂತೆ ಮಲಗಿದ್ದಾಳೆ. ಹೊದಿಕೆಯ ಕೆಳಗೆ ಮಗುವಿಲ್ಲ, ನಾಳೆಯ ಸಂತೆಯಲ್ಲಿ ಸ್ವಾತಂತ್ರ್ಯ ಕೂಗುತ್ತ ಎತ್ತಿಹಿಡಿಯಬೇಕಾದ ನಲವತ್ತು ಬಾವುಟಗಳಿವೆ. ನಡುವೆ ಕೆಂಪು-ನೀಲಿ ವೃತ್ತ, ನಾಲ್ಕು ಮೂಲೆಗೂ ಕಪ್ಪು ಗೆರೆ. ದೇಶ ಜಪಾನಿಯರ ಕೈಸೇರಿ ಒಂಬತ್ತು ವರ್ಷ. ಒಂದು ಬಾವುಟ ಸಿಕ್ಕರೂ ಜೈಲು. ನಲವತ್ತು ಸಿಕ್ಕರೆ...?

ಹಗ್ಗಕ್ಕೆ ಸಿಕ್ಕಿಸಿದ ಕೆಂಪು ಮೆಣಸಿನಕಾಯಿಗಳು ಗಂಡುಮಗು ಹುಟ್ಟಿದೆ ಎನ್ನುತ್ತವೆ. ಇಪ್ಪತ್ತೊಂದು ದಿನ ಹೊರಗಿನವರು ದಾಟುವಂತಿಲ್ಲ.

ಜಪಾನಿ ದಫೇದಾರ ಏನೋ ಗದರಿದ. ಪಕ್ಕದಲ್ಲಿದ್ದ ದುಭಾಷಿ ಚಿಸೊಪ್ ಹಗ್ಗ ಮುಟ್ಟಿ ನೋಡಿದ. ಈ ಊರಿನವನೇ. ಚಳಿಗಾಲದಲ್ಲಿ ಬಾವಿಕಟ್ಟೆಯ ಹತ್ತಿರ ಒಕ್‌ಬುನ್ ಅವನನ್ನು ಮುಖದ ಮೇಲೆಯೇ 'ಪೊಲೀಸ್ ನಾಯಿ' ಅಂದಿದ್ದಳು.

ಅವನ ಬೆರಳು ಹಗ್ಗದ ಹುರಿಯ ಮೇಲೆ ನಿಂತಿತು. ತಲೆಯೆತ್ತಿ ಅವಳನ್ನೇ ನೋಡಿದ.

ಆಗ ಅವಳಿಗೆ ಹೊಳೆಯಿತು. ಹೆರಿಗೆ ಮನೆಯ ಹಗ್ಗವನ್ನು ಎಡಕ್ಕೆ ಹೊಸೆಯಬೇಕು. ಅವಸರದಲ್ಲಿ ತಾನು ಅಕ್ಕಿಮೂಟೆಗೆ ಹೊಸೆಯುವಂತೆ ಬಲಕ್ಕೆ ಹೊಸೆದಿದ್ದೇನೆ!

'ಮುಗೀತು...'

ಚಿಸೊಪ್ ಜಪಾನಿಯಲ್ಲಿ ತುಂಬ ಹೊತ್ತು ಮಾತಾಡಿದ. ದಫೇದಾರನ ಮುಖ ಬಿಳಿಚಿತು. ಕಾಲು ಹಿಂದಿಟ್ಟ. ಇಬ್ಬರೂ ಹೋದರು. ಒಕ್‌ಬುನ್ ಒಳಗೆ ಓಡಿದಳು.

"ಇನ್ನಷ್ಟು ಜನಾನ ಕರ್ಕೊಂಡು ಬರೋಕೆ ಹೋಗಿದಾನೆ ಅತ್ತಿಗೆ. ಬಾವುಟ ಒಲೆಗೆ ಹಾಕೋಣ!"

"ಬಾವುಟ ಹೆತ್ತು ಸೊಂಟ ಬಿದ್ದುಹೋಗಿದೆ ನಂದು. ಸುಡ್ತಾಳಂತೆ! ಸುಮ್ನೆ ಕೂತ್ಕೊಳ್ಳೇ," ಅಂದಳು ಅತ್ತಿಗೆ. ಅವಳ ಹಲ್ಲೂ ಕಟಕಟ ಅನ್ನುತ್ತಿತ್ತು.

ಇಳಿಹೊತ್ತಿಗೆ ಮತ್ತೆ ಹೆಜ್ಜೆ ಸದ್ದು! ಒಕ್‌ಬುನ್ ಕುಡುಗೋಲು ಹಿಡಿದು ಬಾಗಿಲಿಗೆ ಬಂದಳು.

ಚಿಸೊಪ್ ಒಬ್ಬನೇ ಇದ್ದ. ಕೈಯಲ್ಲಿ ಹೊಸ ಹಗ್ಗ.

"ಕುಡುಗೋಲು ಇಳಿಸಿ. ಇದನ್ನ ಕಟ್ಟಿ. ಇನ್ನೊಬ್ಬ ದುಭಾಷಿ ಬಂದ್ರೆ ನಿಮ್ಮ ಹಗ್ಗ ನೋಡಿ ನಗ್ತಾನೆ."

ಹಗ್ಗ ಎಡಕ್ಕೆ ಹೊಸೆದಿತ್ತು. ಅವನ ಅಂಗೈ ಚರ್ಮ ಕಿತ್ತುಹೋಗಿತ್ತು.

"ದಫೇದಾರನಿಗೆ ಏನು ಹೇಳಿದ್ರಿ?"

"ದಾಟಿದವನ ಮನೇಲಿ ಮಗು ಉಳಿಯಲ್ಲ ಅಂತ. ಅವನಿಗೆ ಎರಡು ತಿಂಗಳ ಕೂಸಿದೆ."

"ಸುಳ್ಳು ಅಂತ ಗೊತ್ತಾದ್ರೆ ನಿಮ್ಮನ್ನ ಕೊಂದುಬಿಡ್ತಾರೆ!"

"ಗೊತ್ತು."

"ಮತ್ಯಾಕೆ...?"

"ಊರವರೆಲ್ಲ ಬೆನ್ನ ಹಿಂದೆ ನಾಯಿ ಅಂತಾರೆ. ನೀವು ಮುಖಕ್ಕೇ ಅಂದ್ರಿ. ಅವತ್ತಿಂದ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣ್ತಿಲ್ಲ ನಂಗೆ." ಅವನು ಕೈಚಾಚಿದ. "ನನಗೊಂದು ಬಾವುಟ ಕೊಡಿ. ನಾಳೆ ಈ ಕಡೆ ನಿಲ್ತೀನಿ."

ನಾಳೆ ಅಲ್ಲಿ ಬಂದೂಕುಗಳಿರುತ್ತವೆ. ಇಬ್ಬರಿಗೂ ಗೊತ್ತಿತ್ತು.

ಅವಳು ಬಾವುಟ ಮಡಚಿ ಹಗ್ಗದ ಮೇಲಿಂದ ಕೊಟ್ಟಳು. ಅವನ ಕೈ ಬಿಡಲಿಲ್ಲ.

"ಎಡಕ್ಕೆ ಹೊಸೆಯೋದು ನಂಗೂ ಕಲಿಸ್ತೀರಾ?"

"ನಮ್ಮಿಬ್ಬರ ಮನೆ ಬಾಗಿಲಿಗೆ ನಾನೇ ಹೊಸೀತೀನಿ. ಬದುಕಿದ್ರೆ..."

"ಬದುಕಿ ಬನ್ನಿ!" ಅವಳು ಹಳೆಯ ಹಗ್ಗ ಬಿಚ್ಚತೊಡಗಿದಳು. "ಮೆಣಸಿನಕಾಯಿ ನಾನು ಒಣಗಿಸಿಡ್ತೀನಿ."